ಕೆಂಪು ಚೌಕಗಳು

ಬೆಳಕು ಹರಿಯುವ ಮುಂಚೆ ಹಿರಿಸೊಸೆ ರಾತ್ರಿಯ ಪಾತ್ರೆ ಬೆಳಗಬೇಕು, ಒಲೆ ಹಚ್ಚಬೇಕು, ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಇಡಬೇಕು, ಮಗಳ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕಬೇಕು, ಎಲ್ಲರ ಬುತ್ತಿ ಕಟ್ಟಬೇಕು. ಇದರ ನಡುವೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟ ಲ್ಯಾಪ್‌ಟಾಪ್ ತೆರೆದು ಅಂಗಡಿಯ ಸರಕನ್ನೂ ನೋಡಬೇಕು. ಮನೆಯವರ ಪ್ರಕಾರ ಇದ್ಯಾವುದೂ ಕೆಲಸವಲ್ಲ. ಕೆಲಸಕ್ಕೆ ಹೋಗುವವರು ಗಂಡಸರು. ಅವರು ಇನ್ನೂ ಮಲಗಿರುತ್ತಾರೆ.

ಮಾವನವರದು ಪೈಪು, ನಲ್ಲಿ ಮಾರುವ ಅಂಗಡಿ. ಮೊದಲು ಅವಳು ಕತ್ತಲಲ್ಲೇ ಮನೆಯ ಹಿಂದಿನ ಗೋದಾಮಿಗೆ ಹೋಗಿ ಒಂದೊಂದು ಪೆಟ್ಟಿಗೆಗೂ ಕೈಹಾಕಿ ಎಣಿಸುತ್ತಿದ್ದಳು. ಆಮೇಲೆ ತಾನೇ ಕಲಿತು ಎಕ್ಸೆಲ್ ಹಾಳೆ ಮಾಡಿದಳು. ಪ್ರತಿ ಸಾಮಾನಿನ ಮುಂದೆ ಎರಡು ಅಂಕಿ: ಎಷ್ಟಿದೆ, ಎಷ್ಟಕ್ಕಿಂತ ಇಳಿಯಬಾರದು. ಸಂಜೆ ಗಂಡ ಮಾರಿದ್ದನ್ನು ತುಂಬಿದರೆ ಸಾಕು, ಮಿತಿಗಿಂತ ಇಳಿದದ್ದರ ಚೌಕ ತಾನಾಗಿಯೇ ಕೆಂಪಾಗುತ್ತಿತ್ತು, ಮಿಕ್ಕವು ಹಸಿರು. ಕೆಂಪು ಕಂಡದ್ದಕ್ಕೆ ಆರ್ಡರ್ ಕಳಿಸಿದರೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಚಹಾ ಬಿಸಿಯಿರುವಾಗಲೇ ಕುಡಿಯುತ್ತಿದ್ದಳು. ಮದುವೆಯಾದ ಮೇಲೆ ತನ್ನದು ಅಂತ ಸಿಕ್ಕಿದ್ದು ಅದೊಂದೇ ಹೊತ್ತು.

ಮಾವನವರಿಗೆ ಕೆಂಪು ಕಂಡರಾಗದು. ಒಂದು ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಹಾಳೆ ನೋಡಿ ಹೌಹಾರಿದರು.

"ಏನೋ ಇದು, ಮೈಯೆಲ್ಲ ಬೊಬ್ಬೆ ಎದ್ದ ಹಾಗಿದೆ! ನೋಡಿದವ್ರು ಅಂಗಡಿ ಮುಳುಗ್ತಿದೆ ಅಂದ್ಕೋತಾರೆ. ತೆಗೆಯೋ ಅದನ್ನ."

ಕಿರಿಮಗ ಬಣ್ಣ ಬದಲಿಸಲು ನೋಡಿದ. ಜಪ್ಪಯ್ಯ ಅಂದರೂ ಅದು ಹೋಗಲಿಲ್ಲ. ಕೊನೆಗೆ ಮಿತಿ ಬರೆದ ಕಡೆಯಲ್ಲೆಲ್ಲ ಸೊನ್ನೆ ತುಂಬಿದ. ಹಾಳೆ ಪೂರ್ತಿ ಹಸಿರಾಯಿತು.

"ಈಗ ನೋಡೋಕೆ ಲಕ್ಷಣವಾಗಿದೆ," ಅಂದರು ಮಾವ. ಸೊಸೆಗೆ ಒಂದು ಮಾತು ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಅವಳಾದರೂ ಬಣ್ಣವನ್ನು ನಂಬಿ ಅಂಕಿ ನೋಡುವುದನ್ನೇ ಬಿಟ್ಟಿದ್ದಳು. ವ್ಯಾಪಾರ ಮಂದವಿರಬೇಕು ಅಂದುಕೊಂಡು ಚಹಾದ ಲೋಟ ಹಿಡಿದು ಇನ್ನಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತಳು.

ಆ ವಾರವೇ ಪ್ಲಂಬರ್ ಒಬ್ಬ ಅಂಗಡಿಗೆ ಬಂದು, ಪೈಪು ತಿರುಗಿಸುವ ಎಲ್ಬೋ ಕೇಳಿದ. ಒಂದೂ ಇರಲಿಲ್ಲ.

"ಏನ್ ಯಜಮಾನ್ರೇ, ಇಷ್ಟು ದೊಡ್ಡ ಅಂಗಡೀಲಿ ಎಲ್ಬೋ ಇಲ್ವಾ? ನೀರು ನೆಟ್ಟಗೇ ಹೋಗ್ಲಿ, ಗೋಡೆ ತೂತು ಮಾಡಿ ಅಂತ ಹೇಳ್ಲಾ ಆ ಮನೆಯವ್ರಿಗೆ?"

ಮಾವ ರಾತ್ರಿ ಊಟಕ್ಕೆ ಕೂತವರೇ ಗುಡುಗಿದರು. "ಎಲ್ಲಿತ್ತಮ್ಮ ನಿನ್ನ ಕಣ್ಣು?"

ಅವಳು ಬಡಿಸುವ ಸೌಟು ಇಟ್ಟು ಲ್ಯಾಪ್‌ಟಾಪ್ ತೆರೆದಳು. ಮೇಲಿಂದ ಕೆಳಗೆ ಬರೀ ಸೊನ್ನೆ.

"ಇದ್ಯಾರು ಮಾಡಿದ್ದು?"

"ಅಪ್ಪ ಕೆಂಪು ಹೋಗ್ಬೇಕು ಅಂದ್ರು ಅತ್ತಿಗೆ. ಹೋಯ್ತಲ್ಲ!" ಅಂದ ಮೈದುನ.

"ಹಸಿದು ಅಳೋ ಮಗೂನ ಬಾಯಿ ಮುಚ್ಚಿದ್ರೆ ಹೊಟ್ಟೆ ತುಂಬುತ್ತೇನಪ್ಪ?"

ಅತ್ತೆಗೆ ನಗು ಬಂತು, ಸೆರಗಿನಲ್ಲಿ ಕೆಮ್ಮಿದರು. ಗಂಡ ತಟ್ಟೆಯಿಂದ ತಲೆಯೆತ್ತದೆ ನ್ಯಾಯ ತೀರಿಸಿದ: "ಹೋಗ್ಲಿ ಬಿಡೇ, ಈ ಬಣ್ಣ ಗಿಣ್ಣ ಸಾಕು. ನಾಳೆಯಿಂದ ಮೊದಲಿನ ಹಾಗೆ ಗೋದಾಮಿಗೆ ಹೋಗಿ ಎಣಿಸಿಬಿಡು. ಹೇಗೂ ಎದ್ದೇ ಇರ್ತೀಯಲ್ಲ."

ಮರುದಿನ ಅವಳು ಎದ್ದೇ ಇದ್ದಳು. ಪಾತ್ರೆ, ಒಲೆ, ಅತ್ತೆಯ ಮೊಣಕಾಲು, ಇಸ್ತ್ರಿ, ಬುತ್ತಿ. ಗೋದಾಮಿನ ಬೀಗದ ಕೈ ಮೊಳೆಯಲ್ಲಿ ತೂಗುತ್ತಿತ್ತು. ಅವಳು ಉಪ್ಪಿನ ಡಬ್ಬಿ ಸರಿಸಿ ಲ್ಯಾಪ್‌ಟಾಪ್ ಎಳೆದುಕೊಂಡು, ನೆನಪಿನಿಂದಲೇ ಒಂದೊಂದು ಮಿತಿಯನ್ನೂ ಮತ್ತೆ ಬರೆದಳು. ಯಾರೂ ಅಳಿಸದಂತೆ ಪಾಸ್‌ವರ್ಡ್ ಹಾಕಿದಳು. ಕೆಂಪು ಒಂದರ ಹಿಂದೊಂದು ಎದ್ದಿತು. ಆರ್ಡರ್ ಕಳಿಸಲು ಬೆರಳು ಅಭ್ಯಾಸಬಲದಿಂದ ಮುಂದೆ ಹೋಯಿತು, ಹಿಂದೆಳೆದುಕೊಂಡಳು.

ಲ್ಯಾಪ್‌ಟಾಪನ್ನು ಹಾಗೇ ತೆರೆದೇ ಹೊತ್ತುಕೊಂಡು ಹೋಗಿ, ಗಂಡಸರು ಚಹಾಕ್ಕೆ ಕೂರುವ ಮೇಜಿನ ಮೇಲೆ ಅವರ ಕುರ್ಚಿಗಳ ಕಡೆ ತಿರುಗಿಸಿಟ್ಟಳು. ಗೋದಾಮಿನ ಬೀಗದ ಕೈ ಅದರ ಪಕ್ಕದಲ್ಲಿಟ್ಟಳು. ಆಮೇಲೆ ತನ್ನ ಲೋಟ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.