ಮಷೀನು ಒದರಬೇಕಿತ್ತು

ಬೈರಿದೇವರಕೊಪ್ಪದ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಚಹಾ ಕೊಡುವ ಕೆಲಸಕ್ಕಿದ್ದೆ. ಹೆಂಡತಿ ತೀರಿಕೊಂಡ ವರ್ಷ ಅದು. ಮನೆಯಲ್ಲಿ ಕೂಡಲು ಆಗುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಿದ್ದೆ. ನಾನು ನೊಂದುಕೊಂಡೇನು ಅಂತ ಆಕೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ದಿನ ಪ್ರೋಗ್ರಾಂ ಬರೆಯುವ ಸುಧಾ ಕರೆದಳು. ಆಕೆ ಆಗ ಬರೆಯುತ್ತಿದ್ದದ್ದು ಮನೆಮಂದಿಯ ವಿವರ ತುಂಬುವ ಪ್ರೋಗ್ರಾಂ.

"ಕಾಕಾ, ಟೆಸ್ಟ್ ಮಾಡಾಕತ್ತೇನಿ. ನಿಮ್ಮ ಹೆಸರು ಹಾಕೇನಿ, ಹೆಂಡ್ತಿ ಹೆಸರಿನ ಜಾಗ ಬೇಕಂತನ ಖಾಲಿ ಬಿಟ್ಟೇನಿ. ಈಗ ಮಷೀನು ತಪ್ಪೈತಿ ಅಂತ ಒದರಬೇಕು. ಒದರಿದ್ರ ಪಾಸು, ಸುಮ್ಮನಿದ್ರ ಫೇಲು."

"ಒದರಿದ್ರ ಪಾಸೇನವ್ವಾ?"

"ಹೂಂ ರೀ, ನಮ್ಮ ಸಾಲಿ ಉಲ್ಟಾ."

ಗುಂಡಿ ಒತ್ತಿದಳು. "ನೋಡ್ರಿ, ಹೆಂಡ್ತಿ ಹೆಸರಿಲ್ಲ ಅಂತ ಒದರೇತಿ. ಪಾಸಾತು." ನಗುತ್ತಿದ್ದವಳಿಗೆ ಒಮ್ಮೆಲೇ ನೆನಪಾಯಿತು. "ತಪ್ಪಾತ್ರಿ ಕಾಕಾ."

"ಇರಲಿ ಬಿಡವ್ವಾ. ಆಕಿ ಹೆಸರಿಲ್ಲ ಅಂತ ಇಷ್ಟು ದಿನದಾಗ ಒದರಿದ್ದು ಇದೊಂದ. ನೀಲವ್ವ ಅಂತ ಬರಿ."

ನಮ್ಮ ಮಂದಿಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಎಲ್ಲರೂ ಗಂಟುಬಿದ್ದಾಗ ಆಕೆಯ ಹೆಸರನ್ನು ಪದ್ಯದಲ್ಲಿ ಸೇರಿಸಿ, ಒಡಪು ಕಟ್ಟಿ ಒಮ್ಮೆ ಹೇಳಿದ್ದೆ. ಆಮೇಲೆ ಬಾಯಿಬಿಟ್ಟು ಹೇಳಿದ್ದು ಅವತ್ತೇ.

ಸುಧಾ ಬರೆದು ಮತ್ತೆ ಗುಂಡಿ ಒತ್ತಿದಳು. ಹೆಸರು ಸಿಕ್ಕ ಮೇಲೆ ಮಷೀನು ಯಾಕೆ ಒದರುತ್ತದೆ? ಸುಮ್ಮನಿತ್ತು. ಟೆಸ್ಟ್ ಫೇಲಾಯಿತು. ಆದರೂ ಸುಧಾ ಆ ಹೆಸರನ್ನು ಅಳಿಸಲಿಲ್ಲ.

ಸಾಹೇಬರು ಬಂದು ಏನಾತು ಅಂದರು. "ಫೇಲಾಗೇತ್ರಿ ಸರ್," ಅಂದಳು. ಯಾಕೆ ಅಂತ ಕೇಳಿದ್ದರೆ ನೀಲವ್ವನ ಹೆಸರು ನಾನೇ ಹೇಳುವವನಿದ್ದೆ. ಅವರು ಚಹಾ ಕೇಳಿದರು.