ಮೂವತ್ತು ದಿನದ ಮಂಚ

ನನ್ನ ತಮ್ಮ ಹುಟ್ಟಿದ್ದೇ ಹತ್ತು ದಿನ ತಡವಾಗಿ. ಹೊರಗೆ ಬರೋದೋ ಬೇಡವೋ ಅಂತ ಒಳಗೇ ಕೂತು ಮೀನಮೇಷ ಎಣಿಸಿರಬೇಕು ಅಂತ ನಾನು ಹೇಳಿದರೆ ಅಮ್ಮ ಮೊದಲು ನಗ್ತಾಳೆ, ಆಮೇಲೆ "ಪಾಪ, ಹಾಗೆಲ್ಲ ಅನ್ನಬೇಡ" ಅಂತಾಳೆ. ಪಾಪವಂತೆ! ಐವತ್ತಕ್ಕೆ ಎರಡೇ ಕಮ್ಮಿ, ತಲೆ ಅರ್ಧ ಬೋಳು, ಅಮ್ಮನ ಲೆಕ್ಕದಲ್ಲಿ ಇನ್ನೂ ಪಾಪ.

ಅವನ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ಯಾರೂ ನಂಬಲ್ಲ. ಚಮಚದಿಂದ ಹಿಡಿದು ಬೀರುವಿನವರೆಗೆ ಎಲ್ಲ ಮಾರೋ ನಾಲ್ಕು ಮಹಡಿಯ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ವಾಪಸಾತಿ ಕೌಂಟರಿನಲ್ಲಿ ಕೂರ್ತಾನೆ. ಕೊಂಡ ಮೇಲೆ ಮನಸ್ಸು ಬದಲಾಯಿಸಿದವರೆಲ್ಲ ಅವನ ಮುಂದೆ ಸಾಲುಗಟ್ಟಿ ನಿಲ್ಲಬೇಕು. ಮೂವತ್ತು ದಿನದೊಳಗೆ ತಂದರೆ, ವಸ್ತು ಹೊಸದರ ಹಾಗೇ ಇದ್ದರೆ, ದುಡ್ಡು ವಾಪಸ್. ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋನು ಇವನು. ಕೈಯಲ್ಲೊಂದು ಸಣ್ಣ ಟಾರ್ಚು. ಶೂ ತಂದರೆ ಅಡಿ ತಿರುಗಿಸಿ ಧೂಳು ಹುಡುಕ್ತಾನೆ. ಅಂಗಿ ತಂದರೆ ಕಾಲರ್ ಮೂಸ್ತಾನೆ. ಕುರ್ಚಿ ತಂದರೆ ಸ್ಕ್ರೂ ತಲೆ ಮೇಲಿನ ಬಣ್ಣ ಕೆರೆದಿದೆಯಾ ಅಂತ ಬಗ್ಗಿ ನೋಡ್ತಾನೆ. ಸಿಕ್ಕಿಬಿದ್ದರೋ ಮುಗೀತು. ತಲೆ ಎತ್ತದೆ, ಸ್ವರ ಏರಿಸದೆ "ಆಗಲ್ಲ" ಅಂತಾನೆ. ಅಂಗಡಿಯವರು ಬೆನ್ನ ಹಿಂದೆ ಅವನಿಗೆ ಆಗಲ್ಲಪ್ಪ ಅಂತಲೇ ಹೆಸರಿಟ್ಟಿದ್ದಾರೆ.

"ಜನಕ್ಕೆ ಒಂದು ನಿರ್ಧಾರ ಅಂತ ಇಲ್ಲ ಅಕ್ಕ. ಇವತ್ತು ಬೇಕು, ನಾಳೆ ಬೇಡ," ಅಂತ ನನ್ನ ಹತ್ತಿರ ಗೊಣಗ್ತಾನೆ. ಹೇಳೋನು ಯಾರು ನೋಡಿ! ಮನೆಗೆ ಬಂದರೆ ಇವನಷ್ಟು ಮನಸ್ಸು ಬದಲಾಯಿಸೋ ಪುಣ್ಯಾತ್ಮ ಇನ್ನೊಬ್ಬನಿಲ್ಲ. ಏನೇ ತಂದರೂ ಮೂವತ್ತು ದಿನ ಅದು ಮನೆಯ ವಸ್ತುವಲ್ಲ, ನೆಂಟರ ವಸ್ತು. ಹೊಸ ಶೂ ತಂದು ತಿಂಗಳು ಪೂರ್ತಿ ಹಾಸಿಗೆ ಮೇಲೆ ಮಾತ್ರ ನಡೆದಿದ್ದಾನೆ, ನಾನೇ ಕಣ್ಣಾರೆ ನೋಡಿದ್ದೀನಿ. ಟಿವಿ ಬಂದಾಗ ರಿಮೋಟನ್ನು ಪ್ಲಾಸ್ಟಿಕ್ ಸಮೇತ ಒತ್ತಬೇಕು ಅಂತ ಆಜ್ಞೆಯಾಗಿತ್ತು. ಅವನ ಹೆಂಡತಿ ಒಮ್ಮೆ ಸೊಪ್ಪು ಬಿಡಿಸ್ತಾ ನನಗೆ ಹೇಳಿದಳು: "ಅತ್ತಿಗೆ, ಮದುವೆಯಾದ ಮೊದಲನೇ ತಿಂಗಳು ಇವರು ನನ್ನ ಹತ್ತಿರ ಎಷ್ಟು ಮರ್ಯಾದೆಯಾಗಿದ್ದರು ಗೊತ್ತಾ? ಯಾಕೆ ಅಂತ ಈಗ ಅರ್ಥ ಆಗ್ತಿದೆ." ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆವು.

ಈ ಸಲ ನಗೋ ಹಾಗಿರಲಿಲ್ಲ. ಅವರ ಅಡುಗೆಮನೆಯ ಸಿಂಕಿನ ಕೆಳಗೆ ಪೈಪು ಒಡೆದು ನೆಲವೆಲ್ಲ ನೀರಾಗಿತ್ತು. ಅಮ್ಮ ಟೀ ಮಾಡೋಕೆ ಹೋದವಳು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ತಮ್ಮನನ್ನೂ ನಿಲ್ಲಿಸಿಕೊಂಡು ಬಿಡಿಸಿ ಹೇಳಿದರು. ಎಪ್ಪತ್ತೇಳು ವಯಸ್ಸು. ದಿನಕ್ಕೆ ಐದಾರು ಸಲ ಎದ್ದು ಕೂರಬೇಕು, ಒಂದು ತಿಂಗಳಲ್ಲಿ ವಾಕರ್ ಹಿಡಿದು ನಡೀಬೇಕು. ಈ ತಿಂಗಳು ಕೈಬಿಟ್ಟರೆ ಆಮೇಲೆ ಹಾಸಿಗೆಯೇ ಗತಿ. ಬೆನ್ನು ಎತ್ತಿ ಕೂರಿಸೋ ಮೋಟಾರ್ ಮಂಚ ಇದ್ದರೆ ಒಳ್ಳೆಯದು ಅಂದರು.

ಮಂಚ ಬಾಡಿಗೆಗೆ ಸಿಗುತ್ತಲ್ಲ ಅಂದಳು ತಮ್ಮನ ಹೆಂಡತಿ. ಯಾರ್ಯಾರೋ ಮಲಗಿದ್ದು ನಮ್ಮಮ್ಮನಿಗೆ ಬೇಡ ಅಂತ ಮೂಗು ಮುರಿದವಳು ನಾನು. ಮೂರನೇ ದಿನ ನೋಡಿದರೆ ತಮ್ಮನದೇ ಅಂಗಡಿಯಿಂದ ಮಂಚ ಬಂದೇಬಿಟ್ಟಿತು. ಮದುವೆ ಖರ್ಚು ಬಿಟ್ಟರೆ ಅವನು ಒಟ್ಟಿಗೆ ಅಷ್ಟು ದುಡ್ಡು ಬಿಚ್ಚಿದ್ದು ಅದೇ ಮೊದಲು. ಒಂದು ಬಟನ್ ಒತ್ತಿದರೆ ಬೆನ್ನು ಏಳುತ್ತೆ, ಇನ್ನೊಂದು ಒತ್ತಿದರೆ ಕಾಲು. ಅಮ್ಮ ಮೇಲೆ ಕೆಳಗೆ ಎರಡು ಸಲ ಹೋಗಿಬಂದು "ನನ್ನ ಮಗ ನೋಡೇ" ಅಂದಳು. ನನಗೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಆ ಉಬ್ಬು ಮಾರನೇ ದಿನದ ಬೆಳಗಿನವರೆಗೆ ಇತ್ತು.

ನಾನು ಆಸ್ಪತ್ರೆಯೊಂದರ ಬಟ್ಟೆ ಒಗೆಯೋ ವಿಭಾಗದಲ್ಲಿ ಮೇಲ್ವಿಚಾರಕಿ. ಒಂದು ತಿಂಗಳು ರಜೆ ಹಾಕಿ ಅಮ್ಮನನ್ನು ನೋಡ್ಕೊಳ್ಳೋಕೆ ಬಂದಿದ್ದೆ. ಬೆಳಿಗ್ಗೆ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸೋಣ ಅಂತ ಹಾಸಿಗೆಯ ಮೇಲಿನ ದಪ್ಪ ಪ್ಲಾಸ್ಟಿಕ್ಕಿಗೆ ಕೈ ಹಾಕಿದ್ದೇ ತಡ, ಇವನು ಹಲ್ಲುಜ್ಜೋ ಬ್ರಶ್ ಬಾಯಲ್ಲಿಟ್ಟುಕೊಂಡೇ ಓಡಿಬಂದ.

"ಅಕ್ಕಾ, ಮುಟ್ಟಬೇಡ! ಮೂವತ್ತು ದಿನ ಇದೆ."

"ಏನು ಮೂವತ್ತು ದಿನ? ಅಮ್ಮ ಮಲಗೋ ಮಂಚ ಕಣೋ."

"ಅದಕ್ಕೇ ಯೋಚನೆ ಮಾಡ್ಬೇಕು. ಪಕ್ಕಕ್ಕೆ ಕಂಬಿ ಇರೋದು ಇನ್ನೊಂದಿದೆ. ಅದೂ ಅಲ್ಲದೆ ಅಮ್ಮ ಎರಡು ತಿಂಗಳಲ್ಲಿ ಓಡಾಡ್ಕೊಂಡಿದ್ದರೆ ಈ ಮಂಚ ಇಟ್ಕೊಂಡು ಏನು ಮಾಡೋದು?"

"ಓಡಾಡದಿದ್ದರೆ?"

"ಓಡಾಡದಿದ್ದರೆ..." ಅಂತ ಶುರು ಮಾಡಿ ಬಾಯಿ ತೊಳೆಯೋ ನೆಪದಲ್ಲಿ ಹೋಗಿಬಿಟ್ಟ. ಅಮ್ಮ ಅಲ್ಲೇ ಮಲಗಿದ್ದಳು. ಕಿವುಡಿಯಲ್ಲ. ಮುಖ ಕಿಟಕಿ ಕಡೆ ತಿರುಗಿಸಿಕೊಂಡಳು. ನನ್ನ ಪಿತ್ತ ನೆತ್ತಿಗೇರಿತು, ಆದರೆ ಅವಳ ಮುಂದೆ ಜಗಳ ಬೇಡ ಅಂತ ಪ್ಲಾಸ್ಟಿಕ್ ಮೇಲೇ ಬೆಡ್‌ಶೀಟ್ ಹಾಸಿದೆ.

ಅಲ್ಲಿಂದ ಆ ಎರಡು ರೂಮಿನ ಮನೆ ಮನೆಯಾಗಿ ಉಳಿಯಲಿಲ್ಲ, ಅವನ ಕೌಂಟರ್ ಆಯಿತು. ಮಂಚ ಬಂದ ರಟ್ಟಿನ ಪೆಟ್ಟಿಗೆ ಆಳೆತ್ತರ. ಅದು ಹರಿಯಬಾರದು, ಮಡಿಸಬಾರದು. ಬಚ್ಚಲಿಗೆ ಹೋಗೋ ಓಣಿಯಲ್ಲಿ ಅದನ್ನು ನಿಲ್ಲಿಸಿದ. ಮನೆಮಂದಿಯೆಲ್ಲ ಅಡ್ಡಡ್ಡ ನಡೀಬೇಕು. ಮೊಮ್ಮಗಳು ತನ್ನ ರೂಮನ್ನು ಅಜ್ಜಿಗೆ ಬಿಟ್ಟುಕೊಟ್ಟು ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಅವಳ ಕಾಲ ಬುಡದಲ್ಲೇ ಪ್ಲಂಬರ್ ಟೈಲ್ಸ್ ಒಡೀತಿದ್ದ. ಅವನು ಸಾಮಾನು ತನ್ನಿ ಅಂದರೆ ನನ್ನ ತಮ್ಮ ಒಂದು ನಲ್ಲಿ ತರೋನು, ಸಂಜೆ ಅದನ್ನೇ ದಿಟ್ಟಿಸ್ತಾ ಕೂರೋನು, ಮಾರನೇ ದಿನ ಬದಲಾಯಿಸ್ಕೊಂಡು ಬರೋನು. ಹೀಗೆ ಮೂರು ನಲ್ಲಿ ಬಂದು ಮೂರೂ ಹೋದವು. ನಾಲ್ಕನೇ ದಿನ ಪ್ಲಂಬರ್ ಸಲಕರಣೆ ಚೀಲ ಹೆಗಲಿಗೇರಿಸಿ "ಸಾರ್, ನೀವು ಮೊದಲು ಮನಸ್ಸು ಮಾಡ್ಕೊಳ್ಳಿ, ಆಮೇಲೆ ಫೋನ್ ಮಾಡಿ" ಅಂತ ಹೊರಟುಹೋದ. ಒಂದು ವಾರ ಪಾತ್ರೆ ಬಚ್ಚಲಲ್ಲಿ ತೊಳೆದೆವು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ದಿನವಿಡೀ ರೋಗಿಗಳ ಹೆಸರು ಕೂಗಿ ಬರೋ ತಮ್ಮನ ಹೆಂಡತಿ, ಸಂಜೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಕುಕ್ಕರ್ ತಿಕ್ಕೋಳು. ಈ ಮಹಾಶಯ ಪೆಟ್ಟಿಗೆಗೆ ನೀರು ಸಿಡಿಯುತ್ತೆ ಅಂತ ಬಾಗಿಲು ಹಾಕಿಸೋನು.

ಅಮ್ಮನಿಗೂ ನಿಯಮ ಹೇಳಿದ. ಕೆಲಸದಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಮಂಚದ ಪಕ್ಕ ನಿಂತು ಹೇಳಿದ. "ಅಮ್ಮ, ಮಂಚದ ಮೇಲೆ ಟೀ ಬೇಡ. ಸಿರಪ್ ಬೇಡ, ಮಾತ್ರೆ ಕೇಳಿ ಇಸ್ಕೊಳ್ಳೋಣ. ತಲೆಗೆ ಎಣ್ಣೆ ಹಚ್ಚಿದ್ದರೆ ಹಿಂದಕ್ಕೆ ಒರಗಬೇಡ. ಒಂದು ಕಲೆ ಬಿದ್ದರೂ ತಗೊಳ್ಳಲ್ಲ. ನಾನೇ ದಿನಾ ಎಷ್ಟು ಜನರನ್ನ ವಾಪಸ್ ಕಳಿಸ್ತೀನಿ."

"ಗೊತ್ತಾಯ್ತಪ್ಪ," ಅಂದಳು ಅಮ್ಮ. ಯಾರೇ ಏನೇ ಹೇಳಲಿ, ಅವಳ ಬಾಯಲ್ಲಿ ಅದೊಂದೇ ಮಾತು. ಅಪ್ಪ ಇದ್ದಾಗಲೂ ಅಷ್ಟೇ.

ಪ್ಲಾಸ್ಟಿಕ್ ಮೇಲೆ ಮಲಗಿ ನೋಡಿದವರಿಗೇ ಗೊತ್ತು. ಮಗ್ಗುಲು ಬದಲಾಯಿಸಿದರೆ ಚರಚರ, ಬೆನ್ನು ಬೆವರಿ ಅಂಟು, ಬೆಡ್‌ಶೀಟ್ ಜಾರಿ ಕಾಲಡಿ. ದಿನಕ್ಕೆ ನಾಲ್ಕು ಸಲ ಎಳೆದು ಸಿಕ್ಕಿಸ್ತಿದ್ದೆ. ಸಿಕ್ಕಿಸೋವಾಗಲೆಲ್ಲ ಅವನಿಗೆ ಮಂಗಳಾರತಿ ಎತ್ತುತ್ತಿದ್ದೆ. ಅವನು ಸೊಪ್ಪೇ ಹಾಕಲಿಲ್ಲ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕ್ಕೊಂಡು, ಊಟದ ಹೊತ್ತಿಗೆ "ಇಟ್ಕೊಳ್ಳೋದೇ ಸರಿ ಅನ್ಸುತ್ತೆ", ಕೈ ತೊಳೆಯೋ ಹೊತ್ತಿಗೆ "ಕೊಟ್ಟುಬಿಡೋದೇ ವಾಸಿ". ಥೂ! ಗಂಡಸು ಅನ್ನೋದು ಬಿಡಿ, ಗಡಿಯಾರದ ಲೋಲಕವಾದರೂ ಒಂದು ದಿನ ನಿಲ್ಲುತ್ತೆ.

ಅಮ್ಮ ಚೇತರಿಸಿಕೊಳ್ಳಲಿಲ್ಲ. ಎರಡು ವಾರವಾಯಿತು, ಮೂರು ವಾರವಾಯಿತು. ಬಟನ್ ಒತ್ತಿ ಕೂರಿಸಿದರೆ ಐದು ನಿಮಿಷಕ್ಕೆ ತಲೆ ಸುತ್ತು. ವಾಕರ್ ಹಿಡಿದು ನಿಂತರೆ ಮೊಣಕಾಲು ನಡುಕ. ಎರಡು ಹೆಜ್ಜೆ, ಮತ್ತೆ ಹಾಸಿಗೆ. ವ್ಯಾಯಾಮ ಮಾಡಿಸೋಕೆ ಬರ್ತಿದ್ದ ಹೆಂಗಸು ಅಮ್ಮನ ಕೈ ಚರ್ಮ ಹಿಡಿದು ನೋಡಿ, "ಮೂಳೆ ಚೆನ್ನಾಗೇ ಕೂಡಿದೆ. ಈ ಹೊತ್ತಿಗೆ ಬಾಗಿಲವರೆಗೆ ಹೋಗಿಬರಬೇಕಿತ್ತು. ಇವರಿಗೆ ಶಕ್ತಿನೇ ಇಲ್ಲವಲ್ಲ, ಸರಿಯಾಗಿ ನೋಡ್ಕೊಳ್ತಿದ್ದೀರಾ?" ಅಂದಳು. ನನ್ನನ್ನು ಕೇಳ್ತಾಳೆ! ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳನ್ನ! ಪ್ಲಾಸ್ಟಿಕ್ಕಿನ ಕಾವಿಗೆ ನಿದ್ದೆ ಇಲ್ಲ, ನಿದ್ದೆ ಇಲ್ಲದೆ ಶಕ್ತಿ ಇಲ್ಲ, ಎಲ್ಲದಕ್ಕೂ ನನ್ನ ತಮ್ಮನೇ ಕಾರಣ ಅಂತ ಅವಳಿಗೆ ಹೇಳಿ ಕಳಿಸಿದೆ.

ತಮ್ಮ ಇದರಿಂದ ತೆಗೆದ ಅರ್ಥವೇ ಬೇರೆ. "ನೋಡಿದ್ಯಾ ಅಕ್ಕ, ಮಂಚದಿಂದ ಏನೂ ಉಪಯೋಗ ಆಗ್ಲಿಲ್ಲ," ಅಂದ. ಇಪ್ಪತ್ತೆಂಟನೇ ದಿನ ಅಂಗಡಿಗೆ ಹೇಳಿ ಬಂದ. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಬಂದು ಎತ್ತಿಕೊಂಡು ಹೋಗ್ತಾರೆ. ಅಮ್ಮನಿಗೆ ಅವಳ ಹಳೇ ಮಂಚವೇ ಸಾಕು, ಅಭ್ಯಾಸ ಆಗಿರೋದು.

ನಾನು ಆ ರಾತ್ರಿ ಅವನ ಜೊತೆ ಮಾತು ಬಿಟ್ಟೆ. ಬೆಳಿಗ್ಗೆ ನಾನೂ ಅವನ ಹೆಂಡತಿಯೂ ಅಮ್ಮನನ್ನು ಎರಡೂ ಕಡೆ ಹಿಡಿದು ನಡುಮನೆಯಲ್ಲಿದ್ದ ಹಳೇ ಮಂಚಕ್ಕೆ ಕರಕೊಂಡು ಬಂದೆವು. ಹಗುರ ಅಂದರೆ ಅಷ್ಟು ಹಗುರ. ಅವನು ಬೆಡ್‌ಶೀಟ್ ತೆಗೆದು ಟಾರ್ಚು ಹಚ್ಚಿ ಮಂಡಿಯೂರಿದ. ಪ್ಲಾಸ್ಟಿಕ್ಕಿನ ಹೊಲಿಗೆ, ಮಂಚದ ಕಾಲು, ಬೋಲ್ಟು, ಬಟನ್ನಿನ ಸಂದಿ. ತಾಯಿ ಮಲಗಿದ್ದ ಜಾಗವನ್ನು ಯಾರದೋ ಹಳೇ ಚಪ್ಪಲಿ ನೋಡಿದ ಹಾಗೆ ಇಂಚಿಂಚೂ ನೋಡಿದ. ನೋಡ್ತಾ ನೋಡ್ತಾ ಅವನ ಮುಖ ಅರಳಿತು.

"ಒಂದೇ ಒಂದು ಕಲೆ ಇಲ್ಲ! ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ವಾಪಸ್ ತಂದಿಲ್ಲ. ಭಲೇ ಅಮ್ಮ!"

ಅಮ್ಮನ ಮುಖವೂ ಅರಳಿತು. ಮಗ ಹೊಗಳಿದ್ದಾನಲ್ಲ. ರೂಮಿನ ಬಾಗಿಲ ಮೂಲಕ ನಮ್ಮನ್ನೇ ನೋಡ್ತಾ, ಯಾರಿಗೂ ಹೇಳದ ಉಪಾಯ ಹೇಳೋರ ಹಾಗೆ ಹೇಳಿದಳು: "ಕಲೆ ಹೇಗಪ್ಪ ಬೀಳುತ್ತೆ? ನಾನು ನೀರೇ ಕುಡೀಲಿಲ್ಲವಲ್ಲ. ಬೆಳಿಗ್ಗೆ ಮಾತ್ರೆಗೆ ಒಂದು ಗುಟುಕು, ರಾತ್ರಿ ಮಾತ್ರೆಗೆ ಒಂದು, ಅನ್ನಕ್ಕೆ ಕಲಸಿದ ಸಾರು. ಅಷ್ಟೇ. ವಯಸ್ಸಾಯ್ತು, ಬಚ್ಚಲಿಗೆ ಹೋಗೋವರೆಗೆ ತಡೆಯುತ್ತೋ ಇಲ್ಲವೋ ಅಂತ ಭಯ. ಅಕ್ಕ ತುಂಬಿಸಿಡೋ ನೀರನ್ನ, ಅವಳು ಆಚೆ ಹೋದಾಗ ಕಿಟಕಿಯಿಂದ ಚೆಲ್ಲಿಬಿಡ್ತಿದ್ದೆ. ಬೆನ್ನು ಎತ್ತೋ ಬಟನ್ ಅದಕ್ಕೆ ಬಹಳ ಅನುಕೂಲ."

ತಮ್ಮನ ಕೈಯಲ್ಲಿ ಟಾರ್ಚು ಉರೀತಾನೇ ಇತ್ತು. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನಿಗೆ ನಾಲ್ಕು ಉಗಿಯೋಣ ಅಂತ ಬಾಯಿ ತೆರೆದವಳಿಗೆ ಅವನು ತೆಗೆದುಹಾಕಿದ್ದ ಬೆಡ್‌ಶೀಟ್ ಕಣ್ಣಿಗೆ ಬಿತ್ತು. ಅಮ್ಮನ ಬೆಡ್‌ಶೀಟ್ ದಿನಾ ತೆಗೀತಿದ್ದೋಳು ನಾನು. ರೋಗಿಗಳ ಬೆಡ್‌ಶೀಟ್ ನೋಡಿಯೇ ಮೂವತ್ತು ವರ್ಷ ಅನ್ನ ತಿಂದವಳು. ಎಪ್ಪತ್ತೇಳರ ಹೆಂಗಸು, ಸೊಂಟ ಮುರಿದವಳು, ಇಪ್ಪತ್ತೊಂಬತ್ತು ದಿನದಲ್ಲಿ ಒಂದು ಸಲವೂ ಒದ್ದೆಯಿಲ್ಲ. ದಿನಕ್ಕೆರಡು ಸಲ ಮಾತ್ರ ಎತ್ತಿ ಹಿಡಿದು ಬಚ್ಚಲಿಗೆ ಕರಕೊಂಡು ಹೋಗು ಅಂತಿದ್ದಳು. ನಾನು ಏನು ಅಂದುಕೊಂಡೆ? ಒಗೆಯೋ ಕೆಲಸ ಉಳೀತು ಅಂದುಕೊಂಡೆ. ಆ ಇಡೀ ತಿಂಗಳು ನನ್ನ ಕಣ್ಣು ತಮ್ಮನ ತಪ್ಪಿನ ಮೇಲೇ ನೆಟ್ಟಿತ್ತು.

ಬೆಲ್ ಆಯಿತು. ಅವನೇ ಹೋಗಿ ಬಾಗಿಲು ತೆಗೆದ. ಮಂಚ ಎತ್ತೋಕೆ ಬಂದ ಇಬ್ಬರು ಹಗ್ಗ ಹಿಡ್ಕೊಂಡು ನಿಂತಿದ್ದರು. "ಕೊಡಲ್ಲ, ಹೋಗಿ," ಅಂದ. ನೀವೇ ಅಲ್ವಾ ಸಾರ್ ಬರೋಕೆ ಹೇಳಿದ್ದು ಅಂತ ಅವರು ಏನೋ ಅಂದರು. ಇವನು ಬಾಗಿಲು ಹಾಕಿದ. ಅಡುಗೆಮನೆಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದ. ಅವಸರಕ್ಕೆ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಅಮ್ಮನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ.

"ಕುಡಿಯಮ್ಮ. ಮಂಚ ನಿನ್ನದೇ. ಎಲ್ಲಿಗೂ ಹೋಗಲ್ಲ. ಕುಡಿ."

ಅಮ್ಮ ಲೋಟ ಇಸ್ಕೊಂಡಳು. ಅವನ ಮುಖ ನೋಡಿದಳು. ಅಲ್ಲಿಂದ ರೂಮಿನ ಒಳಗೆ, ಇನ್ನೂ ಪ್ಲಾಸ್ಟಿಕ್ ಹೊದ್ದುಕೊಂಡೇ ಇದ್ದ ಮಂಚದ ಕಡೆ ನೋಡಿದಳು. ಆಮೇಲೆ ತುಟಿ ಒದ್ದೆಯಾಗುವಷ್ಟು ಮಾತ್ರ ಕುಡಿದು ಲೋಟ ಅವನ ಕೈಗೇ ವಾಪಸ್ ಕೊಟ್ಟು, ಚಿಕ್ಕಂದಿನಲ್ಲಿ ಸವರ್ತಿದ್ದ ಹಾಗೆ ಅವನ ತಲೆ ಸವರಿದಳು.

"ಸಾಕಪ್ಪ. ಇನ್ನೂ ಒಂದು ದಿನ ಇದೆಯಲ್ಲ."