ಕಡಲ ಗಡಿಯಾರಕ್ಕೆ ಒಂದು ಉದ್ಧರಣೆ ನೀರು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು ನಮ್ಮ ಬೀದಿಯವರೆಗೂ ಬಂದಿದ್ದ ವರ್ಷಗಳವು. ನಾನು ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತ, ಪೌರೋಹಿತ್ಯವನ್ನೂ ನಡೆಸಿಕೊಂಡಿದ್ದೆ. ನಮ್ಮ ಮನೆಯ ಮುಂಭಾಗದ ಕೋಣೆಯಲ್ಲಿ ರೊಳ್ಳದ ಕಡೆಯ ಒಬ್ಬ ತಾಯಿ ತನ್ನ ಕಿರಿಯ ಮಗನೊಂದಿಗೆ ಬಾಡಿಗೆಗಿದ್ದಳು. ಅವನು ಜೀನ್ಸ್ ಒಗೆದು ಬಣ್ಣ ಇಳಿಸುವ ಘಟಕದಲ್ಲಿ ವಾಷಿಂಗ್ ಮಾಸ್ಟರ್. ಅವನ ಅಣ್ಣ, ಮದುವೆಯಾಗದವನು, ಕೊಲ್ಲಿ ದೇಶದ ಬಂದರೊಂದರಲ್ಲಿ ನೀರಿನಡಿ ಇಳಿದು ಹಡಗುಗಳ ತಳ ಉಜ್ಜುವ ಕೆಲಸದಲ್ಲಿದ್ದ.

ಆ ಅಣ್ಣ ಅಲ್ಲಿಯೇ ಜ್ವರದಿಂದ ತೀರಿಕೊಂಡ. ದೇಹದ ಜೊತೆ ಬಂದ ಅವನ ಗೆಳೆಯ, ತನ್ನ ಕೈಗೆ ಕಟ್ಟಿಕೊಂಡು ತಂದಿದ್ದ ಒಂದು ಗಡಿಯಾರವನ್ನು ಬಿಚ್ಚಿ ತಮ್ಮನ ಕೈಗೆ ಕಟ್ಟಿದ. ಮುಳುಗುಗಾರರಿಗೆಂದೇ ಮಾಡಿದ, ಭಾರವಾದ, ಬಹು ಬೆಲೆಯ ಗಡಿಯಾರ. ಅವರ ಹಿರಿಯ ಮುಳುಗುಗಾರನು ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಟಾಗ ಅಣ್ಣನಿಗೆ ಪ್ರೀತಿಯಿಂದ ಕೊಟ್ಟದ್ದಂತೆ. ಕರ್ಮ ನಡೆದ ದಿನಗಳಲ್ಲೆಲ್ಲ ಅದು ತಮ್ಮನ ಕೈಯಲ್ಲಿಯೇ ಇತ್ತು. ಸ್ನಾನಕ್ಕೆ ಮಾತ್ರ ಬಿಚ್ಚಿಡುತ್ತಿದ್ದ. ಅವನ ಘಟಕದಲ್ಲಿ ಎಲ್ಲರೂ ಗಡಿಯಾರವನ್ನು ಬಾಗಿಲ ಮೊಳೆಗೆ ನೇತುಹಾಕಿಯೇ ನೀರಿನ ಬಳಿ ಹೋಗುವುದು ರೂಢಿ.

ಹನ್ನೆರಡನೆಯ ದಿನದ ದಾನಕ್ಕೆ ತಾಯಿ ಛತ್ರಿ, ಚಪ್ಪಲಿ, ಕಂಬಳಿಗಳ ಪಕ್ಕದಲ್ಲಿ ಆ ಗಡಿಯಾರವನ್ನೂ ಇಡಿಸಿದಳು. ಸತ್ತವನು ಬಳಸಿದ್ದನ್ನು ದಾನ ಕೊಟ್ಟರೆ ಅದು ಅವನಿಗೆ ಮುಟ್ಟುತ್ತದೆಂಬುದು ನಂಬಿಕೆ. ನಾನು ಮಂತ್ರ ಹೇಳಿ ಉದ್ಧರಣೆಯಿಂದ ನೀರು ಬಿಡುವಾಗ ತಮ್ಮನ ಎಡಗೈ ತಾನಾಗಿ ಮುಂದೆ ಬಂದು ಗಡಿಯಾರವನ್ನು ಮುಚ್ಚಿತು.

“ಕೈ ತೆಗೀಲಾ,” ಎಂದಳು ತಾಯಿ.

“ಒಳೀಕೆ ನೀರು ಹೋಯ್ತದೆ ಕಣವ್ವ.”

ಅವನು ಕೈ ತೆಗೆದ. ನಾನು ದಾನವನ್ನು ಸ್ವೀಕರಿಸಿ, ಗಡಿಯಾರವನ್ನು ದೇವರ ಕೋಣೆಯಲ್ಲಿ ಸಾಲಿಗ್ರಾಮದ ಸಂಪುಟದ ಪಕ್ಕ ಇರಿಸಿದೆ. ಮೂರನೆಯ ದಿನ ಅದು ನಿಂತಿತ್ತು. ಮನಸ್ಸಿಲ್ಲದೆ ಕೊಟ್ಟದ್ದನ್ನು ತಿಳಿದೂ ಪಡೆದೆನೆಂಬ ಅಳುಕು ನನ್ನನ್ನು ಹಿಡಿಯಿತು. ಆ ದಿನ ಸಂಧ್ಯಾವಂದನೆಯಲ್ಲಿ ಎರಡು ಬಾರಿ ಎಣಿಕೆ ತಪ್ಪಿತು.

ದಾನದಲ್ಲಿ ಗಡಿಯಾರದೊಡನೆ ಬಂದಿದ್ದ ಇಂಗ್ಲಿಷ್ ಕಿರುಪುಸ್ತಕವನ್ನು ನಿಘಂಟು ಇಟ್ಟುಕೊಂಡು ನಿಧಾನವಾಗಿ ಓದಿದೆ. ಅದನ್ನು ಮಾಡಿದ ಮನೆತನದವರು ಸಮುದ್ರವೇ ಇಲ್ಲದ ಹಿಮದ ನಾಡಿನವರು. ಹಸುಗಳು ಕೊಟ್ಟಿಗೆ ಸೇರಿದ ಚಳಿಗಾಲದಲ್ಲಿ ಅಜ್ಜ ಕಿಟಕಿಯ ಬಳಿ ಕುಳಿತು ಕೆಲಸ ಆರಂಭಿಸಿದನಂತೆ. ಮಗ ಕಲಿತ, ಈಗ ಮೊಮ್ಮಗಳು ನಡೆಸುತ್ತಾಳೆ. ಪ್ರತಿಯೊಂದನ್ನೂ ನೀರಿನ ಪಾತ್ರೆಯಲ್ಲಿ ಒತ್ತಡಕ್ಕೆ ಇಟ್ಟು ಪರೀಕ್ಷಿಸಿಯೇ ಹೊರಗೆ ಕಳುಹಿಸುವುದು. ಒಳಗಡೆ, ಕೊಂಡವನ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಮಾಡಿದವನ ಪುಟ್ಟ ಗುರುತು. ಓದುತ್ತ ಕೈಮುಗಿಯಬೇಕೆನಿಸಿತು. ಮುಖದ ಸುತ್ತಲಿನ ತಿರುಗುವ ಬಳೆ, ಮುಳುಗಿದವನಿಗೆ ಇನ್ನೆಷ್ಟು ಹೊತ್ತಿನ ಉಸಿರಿದೆಯೆಂದು ಹೇಳಲಿಕ್ಕಂತೆ. ನಮ್ಮ ಅಜ್ಜನವರು ಮುಹೂರ್ತ ನೋಡಲು ನೀರಿನಲ್ಲಿ ತೇಲಿಬಿಡುತ್ತಿದ್ದ ಘಳಿಗೆ ಬಟ್ಟಲು ನೆನಪಾಯಿತು. ತಳದ ರಂಧ್ರದಿಂದ ನೀರು ತುಂಬಿ ಅದು ಮುಳುಗಿದರೆ ಒಂದು ಘಳಿಗೆ.

ಕೊನೆಯ ಪುಟದಲ್ಲಿ ನನ್ನ ಅಳುಕಿಗೆ ಉತ್ತರವಿತ್ತು. ಆ ಗಡಿಯಾರಕ್ಕೆ ಬ್ಯಾಟರಿಯಿಲ್ಲ. ಕಟ್ಟಿಕೊಂಡವನ ಕೈ ಆಡಿದರೆ ಓಡುತ್ತದೆ, ಸುಮ್ಮನಿಟ್ಟರೆ ನಿಲ್ಲುತ್ತದೆ.

“ಹಂಗಾದ್ರ ನೀವು ಕಟ್ಟಿಕೊಂಡ್ರೂ ಅಷ್ಟೇ ಬಿಡ್ರಿ,” ಎಂದಳು ನನ್ನ ಹೆಂಡತಿ. “ನಿಮ್ಮ ಕೈಯಾಗ ಜಪಮಣಿ ಬಿಟ್ರ ಮತ್ತೇನು ಅಲುಗಾಡ್ತದ?”

ಗಡಿಯಾರವನ್ನು ತೆಗೆದುಕೊಂಡು ಆ ತಾಯಿಯ ಬಳಿ ಹೋದೆ. ತಮ್ಮನೂ ಅಲ್ಲಿಯೇ ಊಟಕ್ಕೆ ಕುಳಿತಿದ್ದ. ಅವಳು ಮುಟ್ಟಲೊಲ್ಲಳು.

“ಕೊಟ್ಟಿದ್ನ ವಾಪಸ್ ತಗಂಡ್ರೆ ಅವ್ನಿಗೆ ಮುಟ್ಟಕಿಲ್ಲ ಸ್ವಾಮಿ. ಅಲ್ಲೂ ನನ್ ಮಗ ಬರಿಗೈಲಿ ಇರ್ಬೇಕಾ?”

“ಮುಟ್ಟೇದ ಅಮ್ಮಾ. ನೀರು ಬಿಟ್ಟಾಗಲೇ ಮುಟ್ಟೇದ. ಈಗಿದು ನಂದು. ನನ್ನದನ್ನ ನಾ ಪ್ರಸಾದ ಅಂತ ಕೊಡ್ಲಿಕ್ಕೆ ಬಂದೀನಿ, ವಾಪಸ್ ಅಲ್ಲ.”

“ನಿಮ್ಗೆ ಬ್ಯಾಡ್ವಾ?”

“ನನ್ನ ಹತ್ರ ನಿಂತುಬಿಡ್ತದ. ದುಡಿಯೋ ಕೈ ಬೇಕದಕ್ಕ.”

ಅವಳು ನಿಂತುಹೋಗಿದ್ದ ಮುಳ್ಳುಗಳನ್ನು ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, “ಕೈ ತೊಳ್ಕಂಡು ಬಾ,” ಎಂದಳು. ಅಕ್ಷತೆಯೊಡನೆ ಅವನ ಕೈಗೆ ಕೊಟ್ಟೆ.

ಅಣ್ಣನ ವರ್ಷಾಬ್ದಿಕದ ಕರ್ಮಕ್ಕೆ ಭೈರವಾನಿತಿಪ್ಪದ ಜಲಾಶಯಕ್ಕೆ ಹೋದೆವು. ಅದೃಷ್ಟಕ್ಕೆ ಆ ಸಲ ನೀರಿತ್ತು. ತರ್ಪಣಕ್ಕೆ ಇಳಿಯುವ ಮೊದಲು ಅವನು ಎಂದಿನಂತೆ ಗಡಿಯಾರ ಬಿಚ್ಚಿ, ಟವೆಲಿನಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟ. ತಾಯಿ ನೋಡಿದಳು.

“ಸಮುದ್ರದಾಗೆ ಕೆಡದಿದ್ದು ಮೊಣಕಾಲುದ್ದದ ನೀರಾಗೆ ಕೆಡ್ತದೇನ್ಲಾ? ಕಟ್ಕ.”

ಅವನು ಕಟ್ಟಿಕೊಂಡ. ಆದರೂ ಎಡಗೈಯನ್ನು ಎತ್ತಿಯೇ ಹಿಡಿದಿದ್ದ. ಆಕೆ ಸೀರೆ ತೋಯಿಸಿಕೊಂಡು ನೀರಿಗಿಳಿದು, ಅವನ ಮಣಿಕಟ್ಟನ್ನು ಎರಡು ಕೈಯಿಂದ ಹಿಡಿದು ನೀರಿನೊಳಗೆ ಒತ್ತಿದಳು. ಬಾಗಿ, ಮುಖ ಹತ್ತಿರ ತಂದು ನೋಡಿದಳು.

“ಓಡ್ತಾ ಐತೆ,” ಎಂದಳು. “ನಿಮ್ಮಣ್ಣ ಹಿಂಗೇ ನೋಡ್ತಿದ್ದ ಅನ್ನು, ಕೆಳಗೆ.”

ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ಅವಳು ಕೈ ಬಿಡಲಿಲ್ಲ. ಆಮೇಲೆ ಮೇಲೆತ್ತಿ, ತನ್ನ ಮುಖ ಒರೆಸಿಕೊಳ್ಳುವ ಮೊದಲು ಆ ಗಡಿಯಾರವನ್ನು ಸೆರಗಿನ ಒಣ ತುದಿಯಿಂದ ಒರೆಸಿದಳು.